ರಿಚ್ಮಂಡ್‌ನ ಹದಿನಾರು ಮಂದಿ

ರಿಚ್ಮಂಡ್‌ನ ಹದಿನಾರು ಮಂದಿ ಎಂಬುದು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಆತ್ಮಸಾಕ್ಷಿಯ ಕಾರಣದಿಂದ ಸೈನಿಕ ಸೇವೆಯನ್ನು ನಿರಾಕರಿಸಿದ ಇಂಗ್ಲೆಂಡಿನ ಹದಿನಾರು ಜನರ ಗುಂಪಿಗೆ ಇತಿಹಾಸದಲ್ಲಿ ಬಂದಿರುವ ಹೆಸರು. ಇವರಲ್ಲಿ ಹೆಚ್ಚಿನವರು ಕ್ರೈಸ್ತ ಧರ್ಮದ ಬೇರೆ ಬೇರೆ ಪಂಗಡಗಳಿಗೆ ಸೇರಿದ ಯುವಕರು. 1916ರಲ್ಲಿ ಇವರನ್ನು ಯಾರ್ಕ್‌ಷೈರ್ ಪ್ರಾಂತ್ಯದ ರಿಚ್ಮಂಡ್ ಕೋಟೆಯಲ್ಲಿ ಬಂಧನದಲ್ಲಿಟ್ಟು, ಅನಂತರ ಫ್ರಾನ್ಸಿಗೆ ಸಾಗಿಸಿ, ಸೇನಾ ನ್ಯಾಯಾಲಯದ ಮುಂದೆ ನಿಲ್ಲಿಸಿ ಮರಣದಂಡನೆ ವಿಧಿಸಲಾಯಿತು. ಆ ಶಿಕ್ಷೆಯನ್ನು ಕೂಡಲೇ ಹತ್ತು ವರ್ಷಗಳ ಕಠಿಣ ಸೆರೆವಾಸಕ್ಕೆ ಇಳಿಸಲಾಯಿತು. ಯುದ್ಧ ಮುಗಿದ ಮೇಲೆ, 1919ರಲ್ಲಿ ಇವರ ಶಿಕ್ಷೆ ಕೊನೆಗೊಂಡಿತು. ಒಂದೇ ಧರ್ಮಗ್ರಂಥವನ್ನು ನಂಬಿದ ಸಮಾಜದೊಳಗೆ, ಕೆಲವೊಮ್ಮೆ ಒಂದೇ ಮನೆಯೊಳಗೆ, ಯುದ್ಧದ ಪ್ರಶ್ನೆಗೆ ಎಷ್ಟು ಭಿನ್ನವಾದ ಉತ್ತರಗಳು ಹುಟ್ಟಿದವು ಎಂಬುದಕ್ಕೆ ಈ ಪ್ರಕರಣ ಮುಖ್ಯ ನಿದರ್ಶನವಾಗಿದೆ.

ಧಾರ್ಮಿಕ ಹಿನ್ನೆಲೆ

ಕ್ರೈಸ್ತನು ಆಯುಧ ಹಿಡಿಯಬಹುದೇ ಎಂಬ ಪ್ರಶ್ನೆ ಆ ಧರ್ಮದಷ್ಟೇ ಹಳೆಯದು. ಕ್ರಿ.ಶ. 295ರಲ್ಲಿ ಉತ್ತರ ಆಫ್ರಿಕಾದ ಥೆವೆಸ್ಟೆ ಎಂಬಲ್ಲಿ ಮ್ಯಾಕ್ಸಿಮಿಲಿಯನ್ ಎಂಬ 21 ವರ್ಷದ ಯುವಕ ರೋಮನ್ ಸೈನ್ಯಕ್ಕೆ ಸೇರಲು ಒಪ್ಪದೆ ಮರಣದಂಡನೆಗೆ ಗುರಿಯಾದನು. ಆತನ ತಂದೆ ಸ್ವತಃ ಸೈನ್ಯದಲ್ಲಿದ್ದವನು. ಮಗನ ಮನಸ್ಸನ್ನು ತಿರುಗಿಸುವಂತೆ ಅಧಿಕಾರಿ ಕೇಳಿದಾಗ ತಂದೆ ಆ ನಿರ್ಧಾರವನ್ನು ಮಗನಿಗೇ ಬಿಟ್ಟನೆಂದು ವಿಚಾರಣೆಯ ವೃತ್ತಾಂತ ತಿಳಿಸುತ್ತದೆ. ನಾಲ್ಕನೆಯ ಶತಮಾನದಲ್ಲಿ ರೋಮನ್ ಸಾಮ್ರಾಜ್ಯವೇ ಕ್ರೈಸ್ತಮತವನ್ನು ಅಂಗೀಕರಿಸಿದ ಮೇಲೆ ಚಿತ್ರ ಬದಲಾಯಿತು. ಸಂತ ಆಗಸ್ಟೀನನ ಕಾಲದಿಂದ ಮುಂದೆ ‘ನ್ಯಾಯಯುತ ಯುದ್ಧ’ದ ಸಿದ್ಧಾಂತ ಬೆಳೆದು, ಯೋಗ್ಯ ಅಧಿಕಾರಿಯ ಆಜ್ಞೆಯಂತೆ ಸತ್ಕಾರಣಕ್ಕಾಗಿ ಹೋರಾಡುವುದು ಪಾಪವಲ್ಲವೆಂಬ ಅಭಿಪ್ರಾಯ ಬಹುಪಾಲು ಸಭೆಗಳಲ್ಲಿ ನೆಲೆಗೊಂಡಿತು.

ಈ ಅಭಿಪ್ರಾಯವನ್ನು ಒಪ್ಪದ ಪಂಗಡಗಳೂ ಇದ್ದವು. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರ್ ಪಂಗಡವು ಎಲ್ಲ ಬಗೆಯ ಯುದ್ಧವನ್ನೂ ತೊರೆಯುವುದಾಗಿ ಎರಡನೆಯ ಚಾರ್ಲ್ಸ್ ದೊರೆಗೆ ಲಿಖಿತವಾಗಿ ತಿಳಿಸಿತ್ತು. ಮೆನೊನೈಟ್ ಪಂಗಡದವರೂ ಇದೇ ಮಾರ್ಗದವರು. ಯೇಸುವಿನ ಪರ್ವತ ಪ್ರಸಂಗವನ್ನು (ಮತ್ತಾಯನ ಸುವಾರ್ತೆ, ಅಧ್ಯಾಯ 5ರಿಂದ 7) ಇವರು ಅಕ್ಷರಶಃ ಪಾಲಿಸಬೇಕಾದ ನಿಯಮವೆಂದು ಭಾವಿಸಿದರು. ಯುದ್ಧವನ್ನು ಸಮರ್ಥಿಸಿದವರು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 13ನೆಯ ಅಧ್ಯಾಯವನ್ನು ಎತ್ತಿ ತೋರಿಸುತ್ತಿದ್ದರು. ಆಳುವವರ ಅಧಿಕಾರವು ದೇವರಿಂದಲೇ ಬಂದದ್ದು, ಆದ್ದರಿಂದ ಅದಕ್ಕೆ ಅಧೀನರಾಗಿರಬೇಕು ಎಂಬುದು ಆ ಅಧ್ಯಾಯದ ತಾತ್ಪರ್ಯ.

1914ರ ಆಗಸ್ಟ್‌ನಲ್ಲಿ ಯುದ್ಧ ಆರಂಭವಾದಾಗ ಬ್ರಿಟನ್ನಿನ ದೊಡ್ಡ ಸಭೆಗಳೆಲ್ಲ ಸರ್ಕಾರದ ಬೆಂಬಲಕ್ಕೆ ನಿಂತವು. ಬೆಲ್ಜಿಯಮ್ ಮೇಲೆ ನಡೆದ ಆಕ್ರಮಣವನ್ನು ತಡೆಯುವುದು ಧರ್ಮವೆಂದು ಅನೇಕ ಪಾದ್ರಿಗಳು ಪ್ರಾರ್ಥನಾ ಮಂದಿರಗಳಲ್ಲೇ ಬೋಧಿಸಿದರು. ಶಾಂತಿಯೇ ತಮ್ಮ ಸಾಕ್ಷಿಯೆಂದು ಹೇಳಿಕೊಂಡು ಬಂದ ಕ್ವೇಕರ್ ಪಂಗಡದಲ್ಲೂ ಸೈನ್ಯಕ್ಕೆ ಸೇರುವ ವಯಸ್ಸಿನ ಪುರುಷರಲ್ಲಿ ಸುಮಾರು ಮೂರನೆಯ ಒಂದು ಭಾಗ ಸೈನ್ಯ ಸೇರಿತು. ಹೀಗೆ ವಿವಾದವು ನಂಬಿಕೆಯುಳ್ಳವರಿಗೂ ಇಲ್ಲದವರಿಗೂ ನಡುವಣದಾಗಿರದೆ ನಂಬಿಕೆಯೊಳಗಿನದೇ ಆಗಿತ್ತು.

ಕಡ್ಡಾಯ ಸೈನಿಕ ಸೇವೆಯ ಕಾನೂನು

ಯುದ್ಧದ ಮೊದಲ ಹದಿನೆಂಟು ತಿಂಗಳು ಬ್ರಿಟಿಷ್ ಸೈನ್ಯವು ಸ್ವಇಚ್ಛೆಯಿಂದ ಬಂದವರನ್ನೇ ಅವಲಂಬಿಸಿತ್ತು. ಆ ಸಂಖ್ಯೆ ಸಾಲದೆ ಬಂದಾಗ 1916ರ ಜನವರಿಯಲ್ಲಿ ಪಾರ್ಲಿಮೆಂಟು ಸೈನಿಕ ಸೇವಾ ಕಾಯಿದೆಯನ್ನು ಅಂಗೀಕರಿಸಿತು. 18ರಿಂದ 41 ವರ್ಷದೊಳಗಿನ ಅವಿವಾಹಿತ ಪುರುಷರೆಲ್ಲರೂ ಮಾರ್ಚ್ 2ರಿಂದ ಸೈನಿಕರೆಂದೇ ಪರಿಗಣಿತರಾದರು. ಅದೇ ವರ್ಷದ ಮೇ ತಿಂಗಳಲ್ಲಿ ವಿವಾಹಿತರಿಗೂ ಕಾಯಿದೆ ಅನ್ವಯವಾಯಿತು. ಐರ್ಲೆಂಡನ್ನು ಇದರಿಂದ ಹೊರಗಿಡಲಾಗಿತ್ತು.

ಈ ಕಾಯಿದೆಯಲ್ಲಿ ಆತ್ಮಸಾಕ್ಷಿಗೆ ಸಂಬಂಧಿಸಿದ ಒಂದು ವಿಧಿಯಿತ್ತು. ಯುದ್ಧಸೇವೆಗೆ ಆತ್ಮಸಾಕ್ಷಿಯ ವಿರೋಧವುಳ್ಳವನು ಸ್ಥಳೀಯ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಿಕೊಳ್ಳಬಹುದಾಗಿತ್ತು. ಮಂಡಳಿಯು ಮೂರು ಬಗೆಯ ವಿನಾಯಿತಿ ಕೊಡಬಹುದಾಗಿತ್ತು:

* ಪೂರ್ಣ ವಿನಾಯಿತಿ. ಇದು ದೊರೆಯುತ್ತಿದ್ದುದು ಬಹಳ ವಿರಳ.
* ಕೃಷಿ, ಆಸ್ಪತ್ರೆ ಮುಂತಾದ ರಾಷ್ಟ್ರಕ್ಕೆ ಅಗತ್ಯವಾದ ಕೆಲಸ ಮಾಡಬೇಕೆಂಬ ಷರತ್ತಿನ ಮೇಲೆ ವಿನಾಯಿತಿ.
* ಆಯುಧ ಹಿಡಿಯುವುದರಿಂದ ಮಾತ್ರ ವಿನಾಯಿತಿ. ಇಂಥವರನ್ನು 1916ರ ಮಾರ್ಚ್‌ನಲ್ಲಿ ರಚಿಸಲಾದ ‘ನಿರಾಯುಧ ದಳ’ಕ್ಕೆ ಕಳುಹಿಸುತ್ತಿದ್ದರು. ಈ ದಳದವರಿಗೆ ಬಂದೂಕು ಇರಲಿಲ್ಲವಾದರೂ ಸಮವಸ್ತ್ರ, ಕವಾಯತು, ಸೇನಾ ಶಿಸ್ತು ಎಲ್ಲವೂ ಇದ್ದವು.

ಮಂಡಳಿಯ ಸದಸ್ಯರು ಬಹುತೇಕ ಊರಿನ ಗಣ್ಯರು. ಸೈನ್ಯದ ಪ್ರತಿನಿಧಿಯೊಬ್ಬನೂ ಅಲ್ಲಿ ಹಾಜರಿದ್ದು ಅರ್ಜಿದಾರನನ್ನು ಪ್ರಶ್ನಿಸುತ್ತಿದ್ದನು. ವಿಚಾರಣೆ ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತಿತ್ತು. ಶತ್ರು ಸೈನಿಕನು ನಿನ್ನ ತಾಯಿಯ ಮೇಲೋ ತಂಗಿಯ ಮೇಲೋ ಕೈಮಾಡಿದರೆ ಏನು ಮಾಡುವೆ ಎಂಬುದು ಪದೇ ಪದೇ ಬರುತ್ತಿದ್ದ ಪ್ರಶ್ನೆ. ತಡೆಯುವೆನೆಂದರೆ ಯುದ್ಧವನ್ನು ಒಪ್ಪಿದಂತೆ, ತಡೆಯೆನೆಂದರೆ ಹೇಡಿಯೆಂದು ಒಪ್ಪಿಕೊಂಡಂತೆ ಎಂದು ಭಾವಿಸಲಾಗುತ್ತಿತ್ತು. ಮನುಷ್ಯನ ಅಂತರಂಗವನ್ನು ಕಾನೂನು ಗೌರವಿಸಿತಾದರೂ ಅದನ್ನು ಅಳೆಯುವ ಸಾಧನ ಮಂಡಳಿಗಳ ಬಳಿ ಇರಲಿಲ್ಲ.

ಹೀಗೆ ನಿರಾಕರಿಸಿದವರ ಒಟ್ಟು ಸಂಖ್ಯೆ ಸುಮಾರು 16,000 ಎಂದು ಬಹುಕಾಲ ಎಣಿಸಲಾಗಿತ್ತು. ಇತ್ತೀಚಿನ ಸಂಶೋಧನೆ ಅದನ್ನು 20,000ದ ಸಮೀಪಕ್ಕೆ ಒಯ್ದಿದೆ. ಇವರಲ್ಲಿ ಸುಮಾರು 6,000 ಮಂದಿ ಒಮ್ಮೆಯಾದರೂ ಸೆರೆಮನೆ ಕಂಡರು. ಇವರಿಗೆ ನೆರವಾದ ಮುಖ್ಯ ಸಂಘಟನೆ 1914ರಲ್ಲಿ ಸ್ಥಾಪನೆಯಾದ ಕಡ್ಡಾಯ ಸೇವಾ ವಿರೋಧಿ ಒಕ್ಕೂಟ. ಅದರ ಸ್ಥಾಪಕರಲ್ಲಿ ಒಬ್ಬರಾದ ಫೆನ್ನರ್ ಬ್ರಾಕ್‌ವೇ ಕಲ್ಕತ್ತೆಯಲ್ಲಿ ಮಿಷನರಿ ದಂಪತಿಗಳಿಗೆ ಜನಿಸಿದವರು. ಯುದ್ಧಕಾಲದಲ್ಲಿ ಸೆರೆವಾಸ ಅನುಭವಿಸಿದ ಇವರು ಮುಂದೆ ಪಾರ್ಲಿಮೆಂಟಿನ ಸದಸ್ಯರಾಗಿ ಭಾರತದ ಸ್ವಾತಂತ್ರ್ಯವನ್ನು ಬೆಂಬಲಿಸಿದರು.

ಹದಿನಾರು ಮಂದಿಯ ಪರಿಚಯ

ರಿಚ್ಮಂಡ್ ಕೋಟೆಯು ನಿರಾಯುಧ ದಳದ ಉತ್ತರ ಭಾಗದ ಒಂದು ಕೇಂದ್ರವಾಗಿತ್ತು. ಪೂರ್ಣ ವಿನಾಯಿತಿ ದೊರೆಯದವರನ್ನು ಅಲ್ಲಿಗೆ ಕರೆತರಲಾಯಿತು. ಅವರಲ್ಲಿ ಹದಿನಾರು ಮಂದಿ ಸಮವಸ್ತ್ರ ತೊಡಲೂ ಸೇನೆಯ ಯಾವುದೇ ಆಜ್ಞೆಗೆ ತಲೆಬಾಗಲೂ ಒಪ್ಪಲಿಲ್ಲ. ಬಂದೂಕು ಹಿಡಿಯದಿದ್ದರೂ ಯುದ್ಧಕ್ಕೆ ನೆರವಾಗುವ ಕೆಲಸ ಮಾಡಿದರೆ ಇನ್ನೊಬ್ಬನನ್ನು ಕೊಲ್ಲಲು ಕಳುಹಿಸಿದಂತೆಯೇ ಆಗುತ್ತದೆ ಎಂಬುದು ಅವರ ವಾದ. ಇಂಥವರಿಗೆ ‘ಸಂಪೂರ್ಣ ನಿರಾಕರಣವಾದಿಗಳು’ ಎಂಬ ಹೆಸರು ಬಂದಿತು.

ಕೋಟೆಗೆ ಬರುವ ಮೊದಲು ಇವರಲ್ಲಿ ಹೆಚ್ಚಿನವರಿಗೆ ಪರಸ್ಪರ ಪರಿಚಯವಿರಲಿಲ್ಲ. ಬೈಬಲ್ ವಿದ್ಯಾರ್ಥಿಗಳು (ಮುಂದೆ ಯೆಹೋವನ ಸಾಕ್ಷಿಗಳು ಎಂದು ಹೆಸರಾದ ಪಂಗಡ), ಮೆಥಡಿಸ್ಟರು, ಕ್ವೇಕರರು, ಕಾಂಗ್ರಿಗೇಷನಲ್ ಸಭೆಯವರು ಹಾಗೂ ಸಮಾಜವಾದಿಗಳು ಇದರಲ್ಲಿದ್ದರು. ಅವರಲ್ಲಿ ಕೆಲವರು:

* ಬರ್ಟ್ ಬ್ರಾಕಲ್ಸ್‌ಬಿ (1889–1962): ದಕ್ಷಿಣ ಯಾರ್ಕ್‌ಷೈರಿನ ಕಾನಿಸ್‌ಬರೊ ಊರಿನ ಶಾಲಾ ಶಿಕ್ಷಕ, ಮೆಥಡಿಸ್ಟ್ ಸಭೆಯಲ್ಲಿ ಪಾದ್ರಿಯಲ್ಲದಿದ್ದರೂ ಪ್ರಸಂಗ ಮಾಡುತ್ತಿದ್ದವರು.
* ನಾರ್ಮನ್ ಗೌಡಿ: ಈಸ್ಟ್ ಬೋಲ್ಡನ್ ಊರಿನವರು, ಸಂಡರ್‌ಲೆಂಡ್ ಕಾಲ್ಚೆಂಡಿನ ಸಂಘದ ಮೀಸಲು ತಂಡದ ಆಟಗಾರ, ಕಾಂಗ್ರಿಗೇಷನಲ್ ಸಭೆಯ ಸದಸ್ಯ.
* ಆಲ್ಫ್ರೆಡ್ ಮಾರ್ಟ್‌ಲ್ಯೂ: ಯಾರ್ಕ್ ನಗರದ ರೌಂಟ್ರಿ ಚಾಕೊಲೆಟ್ ಕಾರ್ಖಾನೆಯಲ್ಲಿ ಗುಮಾಸ್ತ.
* ಆಲ್ಫ್ರೆಡ್ ಮೈಯರ್ಸ್: ಕಬ್ಬಿಣದ ಅದಿರಿನ ಗಣಿ ಕೆಲಸಗಾರ.
* ಕ್ಲಾರೆನ್ಸ್ ಹಾಲ್ ಮತ್ತು ಸ್ಟ್ಯಾಫರ್ಡ್ ಹಾಲ್: ಲೀಡ್ಸ್ ನಗರದ ಸಹೋದರರು, ಬೈಬಲ್ ವಿದ್ಯಾರ್ಥಿಗಳ ಪಂಗಡದವರು.

ಕುಟುಂಬಗಳು

ನಿರಾಕರಣೆಯ ಭಾರವು ಯುವಕನೊಬ್ಬನದೇ ಆಗಿರಲಿಲ್ಲ. ನೆರೆಮನೆಯ ಮಗ ಯುದ್ಧರಂಗದಲ್ಲಿ ಸತ್ತಿರುವಾಗ ತಮ್ಮ ಮಗ ಸುರಕ್ಷಿತವಾಗಿದ್ದಾನೆಂಬ ನಿಂದೆಯನ್ನು ತಂದೆತಾಯಿಗಳು ಎದುರಿಸಬೇಕಾಯಿತು. ಸಮವಸ್ತ್ರವಿಲ್ಲದೆ ಬೀದಿಯಲ್ಲಿ ಕಾಣಿಸಿಕೊಂಡ ಯುವಕರಿಗೆ ಹೇಡಿತನದ ಗುರುತಾಗಿ ಬಿಳಿಯ ಗರಿಯನ್ನು ಕೊಡುವ ಪದ್ಧತಿ 1914ರಿಂದಲೇ ರೂಢಿಯಲ್ಲಿತ್ತು. ಹಲವರು ಉದ್ಯೋಗ ಕಳೆದುಕೊಂಡರು.

ಬ್ರಾಕಲ್ಸ್‌ಬಿ ಕುಟುಂಬದ ಉದಾಹರಣೆ ಹೆಚ್ಚು ಪ್ರಸಿದ್ಧವಾಗಿದೆ. ದೈವಭಕ್ತಿಯುಳ್ಳ ಈ ಮೆಥಡಿಸ್ಟ್ ಮನೆಯಲ್ಲಿ ಸಹೋದರರೆಲ್ಲರೂ ಒಂದೇ ಪ್ರಾರ್ಥನಾ ಮಂದಿರದಲ್ಲಿ, ಒಂದೇ ಬೋಧನೆ ಕೇಳಿ ಬೆಳೆದವರು. ಆದರೂ ಬರ್ಟ್ ಸೈನ್ಯವನ್ನು ನಿರಾಕರಿಸಿದರೆ, ತಮ್ಮ ಫಿಲಿಪ್ ಯಾರ್ಕ್ ಅಂಡ್ ಲ್ಯಾಂಕಾಸ್ಟರ್ ರೆಜಿಮೆಂಟಿನ ಅಧಿಕಾರಿಯಾಗಿ ಫ್ರಾನ್ಸಿಗೆ ಹೋದರು. ನ್ಯಾಯಮಂಡಳಿಯ ಮುಂದೆ ಬರ್ಟ್, ದೇವರು ತನ್ನನ್ನು ಭೂಮಿಗೆ ಕಳುಹಿಸಿರುವುದು ಆತನ ಮಕ್ಕಳನ್ನು ನಾಶಮಾಡುವುದಕ್ಕಲ್ಲ ಎಂಬ ಅರ್ಥದ ಉತ್ತರ ಕೊಟ್ಟರು. ಮಂಡಳಿಯು ಆಯುಧ ಹಿಡಿಯುವುದರಿಂದ ಮಾತ್ರ ವಿನಾಯಿತಿ ನೀಡಿತು. ಅದನ್ನು ಅವರು ಒಪ್ಪಲಿಲ್ಲ. ಬರ್ಟ್ ಫ್ರಾನ್ಸಿನಲ್ಲಿ ಬಂಧನದಲ್ಲಿದ್ದಾಗ ಫಿಲಿಪ್ ಅವರನ್ನು ಶಿಬಿರದಲ್ಲಿ ಭೇಟಿಯಾದರು. ಒಬ್ಬನು ರಣರಂಗಕ್ಕೆ ಹೋಗುವ ಅಧಿಕಾರಿ, ಇನ್ನೊಬ್ಬನು ಅದೇ ಸೈನ್ಯದ ಕೈದಿ. ಮನೆಯವರು ಇಬ್ಬರಲ್ಲಿ ಯಾರನ್ನೂ ಕೈಬಿಡಲಿಲ್ಲ. ಈ ಸಹೋದರರ ಕಥೆಯನ್ನು ವಿಲ್ ಎಲ್ಸ್‌ವರ್ತ್-ಜೋನ್ಸ್ 2008ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಿವರವಾಗಿ ನಿರೂಪಿಸಿದ್ದಾರೆ.

ರಿಚ್ಮಂಡ್ ಕೋಟೆಯಲ್ಲಿ

ಆಜ್ಞೆ ಪಾಲಿಸದ ಈ ಯುವಕರನ್ನು ಕೋಟೆಯೊಳಗಿನ, ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಸಣ್ಣ ಸೆರೆಕೋಣೆಗಳಲ್ಲಿ ಇರಿಸಲಾಯಿತು. ಸುಣ್ಣ ಬಳಿದ ಗೋಡೆಗಳ ಮೇಲೆ ಅವರು ಸೀಸದ ಕಡ್ಡಿಯಿಂದ ಬರೆದ ಬರಹಗಳೂ ಚಿತ್ರಗಳೂ ಇಂದಿಗೂ ಉಳಿದಿವೆ. ಬೈಬಲಿನ ವಾಕ್ಯಗಳು, ಭಕ್ತಿಗೀತೆಗಳ ಸಾಲುಗಳು, ಯುದ್ಧವನ್ನು ಖಂಡಿಸುವ ಸಮಾಜವಾದಿ ಘೋಷಣೆಗಳು ಅಲ್ಲಿ ಅಕ್ಕಪಕ್ಕದಲ್ಲಿವೆ. ಬ್ರಾಕಲ್ಸ್‌ಬಿ ಬರೆದ ಎರಡು ಚಿತ್ರಗಳು ಹೆಚ್ಚು ಪರಿಚಿತ: ಒಂದು, ಶಿಲುಬೆಯ ಭಾರಕ್ಕೆ ಬಾಗಿದ ಮನುಷ್ಯನದು; ಇನ್ನೊಂದು, ತಮ್ಮೊಡನೆ ಮದುವೆ ನಿಶ್ಚಯವಾಗಿದ್ದ ಯುವತಿಯದು.

ಫ್ರಾನ್ಸಿಗೆ ಸಾಗಣೆ ಮತ್ತು ಮರಣದಂಡನೆ

1916ರ ಮೇ 29ರಂದು ಹದಿನಾರು ಮಂದಿಯನ್ನೂ ರಿಚ್ಮಂಡ್‌ನಿಂದ ಹೊರಡಿಸಿ ಫ್ರಾನ್ಸಿಗೆ ಕರೆದೊಯ್ಯಲಾಯಿತು. ಹಾರಿಚ್ ಮುಂತಾದ ಇತರ ಕೇಂದ್ರಗಳಿಂದಲೂ ಇಂಥ ಗುಂಪುಗಳು ಅಲ್ಲಿಗೆ ಹೋಗಿದ್ದವು. ಈ ಸಾಗಣೆಯ ಅರ್ಥ ಸ್ಪಷ್ಟವಾಗಿತ್ತು. ಇಂಗ್ಲೆಂಡಿನಲ್ಲಿ ಆಜ್ಞೋಲ್ಲಂಘನೆಗೆ ಸೆರೆವಾಸವೇ ಶಿಕ್ಷೆ. ಯುದ್ಧಭೂಮಿಯ ಸೇವೆಯಲ್ಲಿರುವವನು ಅದೇ ತಪ್ಪು ಮಾಡಿದರೆ ಸೇನಾ ಕಾನೂನಿನಂತೆ ಗುಂಡಿಕ್ಕಿ ಕೊಲ್ಲಬಹುದಾಗಿತ್ತು.

ತಾವು ಎಲ್ಲಿದ್ದೇವೆಂದು ಮನೆಯವರಿಗೆ ತಿಳಿಸುವ ಅವಕಾಶ ಅವರಿಗಿರಲಿಲ್ಲ. ಸೈನಿಕರಿಗೆ ಕೊಡುತ್ತಿದ್ದ ಅಂಚೆ ಕಾರ್ಡಿನಲ್ಲಿ ಮೊದಲೇ ಅಚ್ಚಾದ ವಾಕ್ಯಗಳಿದ್ದು, ಬೇಡವಾದವನ್ನು ಹೊಡೆದು ಹಾಕಬೇಕಾಗಿತ್ತು. ಒಂದು ಅಕ್ಷರ ಸೇರಿಸಿದರೂ ಕಾರ್ಡು ನಾಶವಾಗುತ್ತಿತ್ತು. ಬ್ರಾಕಲ್ಸ್‌ಬಿ ‘ನನ್ನನ್ನು ಕಳುಹಿಸಲಾಗುತ್ತಿದೆ’ ಎಂಬರ್ಥದ ಪದಗಳನ್ನು ಉಳಿಸಿಕೊಂಡು, ಮಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ‘ಬಿ’, ‘ಓ-ಯು’ ಎಂಬ ಅಕ್ಷರಗಳೂ ‘ಲಾಂಗ್’ ಎಂಬ ಪದವೂ ಮಾತ್ರ ಉಳಿಯುವಂತೆ ಹೊಡೆದು ಹಾಕಿದರು. ಅವುಗಳನ್ನು ಕೂಡಿಸಿ ಓದಿದರೆ ‘ಬುಲೋನ್’ ಎಂಬ ಫ್ರಾನ್ಸಿನ ಬಂದರಿನ ಹೆಸರು ಹೊರಡುತ್ತಿತ್ತು. ಮನೆಯವರಿಗೆ ಸಂಗತಿ ತಿಳಿಯಿತು. ಪಾರ್ಲಿಮೆಂಟಿನಲ್ಲಿ ಆರ್ನಲ್ಡ್ ರೌಂಟ್ರಿ, ಫಿಲಿಪ್ ಮೊರೆಲ್ ಮೊದಲಾದ ಸದಸ್ಯರು ಇಂಥವರ ಪರವಾಗಿ ಸರ್ಕಾರವನ್ನು ಪ್ರಶ್ನಿಸುತ್ತಿದ್ದರು.

ಬುಲೋನ್‌ನಲ್ಲಿ ಸೇನಾಧಿಕಾರಿಗಳು, ಅವಿಧೇಯತೆ ಮುಂದುವರಿದರೆ ಸಾವೇ ಗತಿಯೆಂದು ತಿಳಿಸಿ ಯೋಚಿಸಲು ಸಮಯ ಕೊಟ್ಟರು. ನಿರಾಕರಿಸಿದ ಕೆಲವರಿಗೆ ಕೈಕಾಲುಗಳನ್ನು ಕಂಬಕ್ಕೋ ಬೇಲಿಗೋ ಬಿಗಿದು ದಿನಕ್ಕೆ ಎರಡು ಗಂಟೆಗಳವರೆಗೆ ನಿಲ್ಲಿಸುವ ‘ಮೊದಲನೆಯ ದರ್ಜೆಯ ರಣರಂಗ ಶಿಕ್ಷೆ’ ವಿಧಿಸಲಾಯಿತು. ತೋಳು ಚಾಚಿ ಕಟ್ಟುತ್ತಿದ್ದುದರಿಂದ ಸೈನಿಕರೇ ಇದನ್ನು ಶಿಲುಬೆಗೇರಿಸುವ ಶಿಕ್ಷೆ ಎಂದು ಕರೆಯುತ್ತಿದ್ದರು.

1916ರ ಜೂನ್ 15ರಂದು ಹಾರಿಚ್ ಗುಂಪಿನ ಹೋವರ್ಡ್ ಮಾರ್ಟೆನ್ ಮತ್ತು ಇತರ ಮೂವರಿಗೆ ಮೊದಲು ಶಿಕ್ಷೆ ಓದಲಾಯಿತು. ಅದೇ ತಿಂಗಳಲ್ಲಿ ರಿಚ್ಮಂಡ್‌ನ ಹದಿನಾರು ಮಂದಿಯ ಸರದಿ ಬಂದಿತು. ತೀರ್ಪನ್ನು ಓದಿದ ರೀತಿಯನ್ನು ಮಾರ್ಟೆನ್ ಅನಂತರ ವಿವರಿಸಿದ್ದಾರೆ. ಗುಂಡಿಕ್ಕಿ ಕೊಲ್ಲತಕ್ಕದ್ದೆಂದು ಓದಿ ಅಧಿಕಾರಿ ಕ್ಷಣಕಾಲ ನಿಲ್ಲಿಸಿದನು; ಮಹಾದಂಡನಾಯಕ ಸರ್ ಡಗ್ಲಸ್ ಹೇಗ್ ಇದನ್ನು ದೃಢಪಡಿಸಿದ್ದಾರೆಂದು ಓದಿ ಮತ್ತೆ ನಿಲ್ಲಿಸಿದನು; ಹತ್ತು ವರ್ಷಗಳ ಕಠಿಣ ಸೆರೆವಾಸಕ್ಕೆ ಇಳಿಸಲಾಗಿದೆ ಎಂಬ ಮಾತು ಬಂದದ್ದು ಕೊನೆಯಲ್ಲಿ. ಹೀಗೆ ಫ್ರಾನ್ಸಿನಲ್ಲಿ ಮರಣದಂಡನೆ ಕೇಳಿಸಿಕೊಂಡವರು ಒಟ್ಟು ಸುಮಾರು 35 ಮಂದಿ. ಪ್ರಧಾನಮಂತ್ರಿ ಆಸ್ಕ್ವಿತ್ ಇಂಥವರನ್ನು ಕೊಲ್ಲಲು ಒಪ್ಪಿರಲಿಲ್ಲವಾದ್ದರಿಂದ ಯಾರೊಬ್ಬರ ಶಿಕ್ಷೆಯೂ ಜಾರಿಯಾಗಲಿಲ್ಲ.

ಸೆರೆವಾಸ ಮತ್ತು ಹೊಸ ದ್ವಂದ್ವ

ಹದಿನಾರು ಮಂದಿಯನ್ನೂ ಇಂಗ್ಲೆಂಡಿಗೆ ತಂದು ನಾಗರಿಕ ಸೆರೆಮನೆಗೆ ಒಪ್ಪಿಸಲಾಯಿತು. ಅಷ್ಟರಲ್ಲಿ ಸರ್ಕಾರವು ಗೃಹ ಇಲಾಖೆಯ ಯೋಜನೆಯೊಂದನ್ನು ಪ್ರಕಟಿಸಿತು. ಇದರಂತೆ, ಪ್ರಾಮಾಣಿಕ ನಿರಾಕರಣೆಗಾರರೆಂದು ಕಂಡುಬಂದವರು ಸೆರೆಮನೆಯ ಬದಲು ಸೈನ್ಯಕ್ಕೆ ಸಂಬಂಧಿಸದ ಕೆಲಸದ ಶಿಬಿರಗಳಲ್ಲಿ ದುಡಿಯಬಹುದಾಗಿತ್ತು.

ಈ ಯೋಜನೆ ಒಂದೇ ನಿಲುವಿನವರನ್ನು ಎರಡು ಪಕ್ಷವಾಗಿಸಿತು. ಯಾರನ್ನೂ ಕೊಲ್ಲದ ಕೆಲಸವನ್ನು ಮಾಡುವುದರಲ್ಲಿ ತಪ್ಪೇನೆಂದು ಕೆಲವರು ಒಪ್ಪಿಕೊಂಡರು. ತಾವು ಮಾಡಿದ ಕೆಲಸದಿಂದ ಬಿಡುವಾದ ಇನ್ನೊಬ್ಬನು ಯುದ್ಧಕ್ಕೆ ಹೋಗುತ್ತಾನೆ, ಕಡ್ಡಾಯ ಸೇವೆಯ ಕಾನೂನನ್ನೇ ಒಪ್ಪಿದಂತಾಗುತ್ತದೆ ಎಂದು ಉಳಿದವರು ತಿರಸ್ಕರಿಸಿದರು. ಅಬರ್ಡೀನ್ ಸಮೀಪದ ಡೈಸ್ ಎಂಬಲ್ಲಿ ಮೊದಲ ಶಿಬಿರ ಆರಂಭವಾಯಿತು. ಸುಮಾರು 250 ಮಂದಿ ಹಳೆಯ ಗುಡಾರಗಳಲ್ಲಿ ವಾಸಿಸುತ್ತ ಕಲ್ಲು ಒಡೆಯುತ್ತಿದ್ದರು. ಅಲ್ಲಿ 1916ರ ಸೆಪ್ಟೆಂಬರ್‌ನಲ್ಲಿ ವಾಲ್ಟರ್ ರಾಬರ್ಟ್ಸ್ ಎಂಬ ಯುವಕ ನ್ಯುಮೋನಿಯದಿಂದ ತೀರಿಕೊಂಡನು. ಮರು ತಿಂಗಳಲ್ಲೇ ಶಿಬಿರವನ್ನು ಮುಚ್ಚಲಾಯಿತು. ಅನಂತರ ವೇಕ್‌ಫೀಲ್ಡ್ ಮತ್ತು ಡಾರ್ಟ್‌ಮೂರ್ ಸೆರೆಮನೆಗಳನ್ನೇ ಕೆಲಸದ ಕೇಂದ್ರಗಳಾಗಿ ಪರಿವರ್ತಿಸಿದರು.

ಆಲ್ಫ್ರೆಡ್ ಮಾರ್ಟ್‌ಲ್ಯೂ ಯೋಜನೆಯನ್ನು ಒಪ್ಪಿಕೊಂಡವರಲ್ಲಿ ಒಬ್ಬರು. 1917ರಲ್ಲಿ ಅವರು ಕೆಲಸದ ಕೇಂದ್ರವನ್ನು ಬಿಟ್ಟು ಯಾರ್ಕ್ ಕಡೆಗೆ ಬಂದರು. ಕೆಲ ದಿನಗಳಲ್ಲಿ ಅವರ ದೇಹ ಔಸ್ ನದಿಯಲ್ಲಿ ದೊರೆಯಿತು. ಬ್ರಾಕಲ್ಸ್‌ಬಿ ಯೋಜನೆಯನ್ನು ನಿರಾಕರಿಸಿ ಕೊನೆಯವರೆಗೂ ಸೆರೆಮನೆಯಲ್ಲಿ ಉಳಿದರು. ಇಬ್ಬರೂ ಒಂದೇ ದಿನ ಒಂದೇ ಶಿಕ್ಷೆಯನ್ನು ಕೇಳಿದವರು ಎಂಬುದನ್ನು ನೆನೆದರೆ, ಆತ್ಮಸಾಕ್ಷಿಯ ಗಡಿ ಒಬ್ಬೊಬ್ಬರಿಗೂ ಬೇರೆಯಾಗಿತ್ತೆಂಬುದು ತಿಳಿಯುತ್ತದೆ.

ಬಿಡುಗಡೆಯ ಅನಂತರ

1918ರ ನವೆಂಬರ್‌ನಲ್ಲಿ ಕದನವಿರಾಮವಾದರೂ ಸೆರೆಮನೆಯಲ್ಲಿದ್ದವರ ಬಿಡುಗಡೆ ಆರಂಭವಾದದ್ದು 1919ರ ಏಪ್ರಿಲ್‌ನಲ್ಲಿ. ಸೈನಿಕರು ಮೊದಲು ಮನೆಗೆ ಮರಳಬೇಕೆಂಬುದು ಸರ್ಕಾರದ ಅಭಿಪ್ರಾಯವಾಗಿತ್ತು. ಯುದ್ಧಕಾಲದಲ್ಲಿ ಸೆರೆಮನೆ ಮತ್ತು ಶಿಬಿರಗಳ ಸ್ಥಿತಿಯಿಂದಾಗಿ ಮೃತರಾದ ನಿರಾಕರಣೆಗಾರರ ಸಂಖ್ಯೆ 70ಕ್ಕೂ ಹೆಚ್ಚು. 1918ರ ಜನಪ್ರಾತಿನಿಧ್ಯ ಕಾಯಿದೆಯು ಇವರಲ್ಲಿ ಬಹುಮಂದಿಯ ಮತದಾನದ ಹಕ್ಕನ್ನು ಐದು ವರ್ಷಗಳ ಕಾಲ ಕಸಿದುಕೊಂಡಿತು. ಬ್ರಾಕಲ್ಸ್‌ಬಿ ಕ್ವೇಕರ್ ಪಂಗಡದವರೊಡನೆ ಸೇರಿ, ಯುದ್ಧದಿಂದ ಕಂಗೆಟ್ಟ ವಿಯೆನ್ನಾ ನಗರದಲ್ಲಿ ಪರಿಹಾರ ಕಾರ್ಯದಲ್ಲಿ ತೊಡಗಿದರು.

ಪರಿಣಾಮ ಮತ್ತು ಮೌಲ್ಯಮಾಪನ

ಈ ಯುವಕರ ಬಗ್ಗೆ ಅಂದಿನ ಜನಾಭಿಪ್ರಾಯ ಬಹುಮಟ್ಟಿಗೆ ಕಠೋರವಾಗಿತ್ತು. ದೇಶದ ರಕ್ಷಣೆಯನ್ನು ಅನುಭವಿಸುತ್ತ ಅದರ ಬೆಲೆಯನ್ನು ಇತರರ ಮೇಲೆ ಹೊರಿಸಿದರೆಂಬುದು ಮುಖ್ಯ ಆಕ್ಷೇಪ. ಲಕ್ಷಾಂತರ ಕುಟುಂಬಗಳು ಮಕ್ಕಳನ್ನು ಕಳೆದುಕೊಂಡಿದ್ದ ಕಾಲದಲ್ಲಿ ಈ ಆಕ್ಷೇಪಕ್ಕೆ ತನ್ನದೇ ತೂಕವಿತ್ತು. ಸಾಯಲು ಸಿದ್ಧರಾಗಿದ್ದವರನ್ನು ಹೇಡಿಗಳೆನ್ನಲಾಗದು, ರಾಜ್ಯದ ಅಧಿಕಾರಕ್ಕೆ ಮನುಷ್ಯನ ಅಂತರಂಗದಲ್ಲಿ ಒಂದು ಮಿತಿಯಿರಬೇಕು ಎಂಬುದು ಬೆಂಬಲಿಗರ ವಾದ.

ಕಾನೂನಿನ ಮೇಲೆ ಈ ಅನುಭವದ ಪ್ರಭಾವ ಕಾಣುತ್ತದೆ. 1939ರಲ್ಲಿ ಬ್ರಿಟನ್ ಮತ್ತೆ ಕಡ್ಡಾಯ ಸೇವೆಯನ್ನು ತಂದಾಗ ನ್ಯಾಯಮಂಡಳಿಗಳಲ್ಲಿ ಸೈನ್ಯದ ಪ್ರತಿನಿಧಿಗೆ ಸ್ಥಾನವಿರಲಿಲ್ಲ. ಆ ಯುದ್ಧದಲ್ಲಿ ಸುಮಾರು 60,000 ಮಂದಿ ನಿರಾಕರಣೆಗಾರರಾಗಿ ಹೆಸರು ನೋಂದಾಯಿಸಿದರು. ಅವರ ಬಗ್ಗೆ ಸರ್ಕಾರದ ಧೋರಣೆಯೂ ಮೃದುವಾಗಿತ್ತು. 2011ರಲ್ಲಿ ಆರ್ಮೇನಿಯದ ಯೆಹೋವನ ಸಾಕ್ಷಿ ಯುವಕನೊಬ್ಬನ ಪ್ರಕರಣದಲ್ಲಿ (ಬಯಾಟ್ಯಾನ್ ವಿರುದ್ಧ ಆರ್ಮೇನಿಯ) ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು, ಇಂಥ ನಿರಾಕರಣೆಗೆ ಧರ್ಮ ಮತ್ತು ಆತ್ಮಸಾಕ್ಷಿಯ ಸ್ವಾತಂತ್ರ್ಯದ ರಕ್ಷಣೆಯಿದೆಯೆಂದು ತೀರ್ಪಿತ್ತಿತು.

ಸ್ಮಾರಕಗಳು

ಪ್ರತಿವರ್ಷ ಮೇ 15ನ್ನು ಅಂತರರಾಷ್ಟ್ರೀಯ ಆತ್ಮಸಾಕ್ಷಿ ನಿರಾಕರಣೆಗಾರರ ದಿನವೆಂದು ಆಚರಿಸಲಾಗುತ್ತದೆ. ಲಂಡನ್ನಿನ ಟ್ಯಾವಿಸ್ಟಾಕ್ ಚೌಕದಲ್ಲಿ 1994ರ ಅದೇ ದಿನ ಇವರ ನೆನಪಿನ ಶಿಲೆಯೊಂದನ್ನು ಅನಾವರಣಗೊಳಿಸಲಾಯಿತು. ಅದೇ ಚೌಕದಲ್ಲಿ ಮಹಾತ್ಮ ಗಾಂಧಿಯವರ ಪ್ರತಿಮೆಯೂ ಇದೆ. ರಿಚ್ಮಂಡ್ ಕೋಟೆಯು ಇಂಗ್ಲಿಷ್ ಹೆರಿಟೇಜ್ ಸಂಸ್ಥೆಯ ರಕ್ಷಣೆಯಲ್ಲಿದೆ. ತೇವದಿಂದ ಸುಣ್ಣದ ಪದರ ಉದುರುತ್ತಿರುವುದರಿಂದ ಗೋಡೆಬರಹಗಳು ನಶಿಸುವ ಅಪಾಯವಿದೆ. ಘಟನೆಯ ಶತಮಾನದ ಸಂದರ್ಭದಲ್ಲಿ ಸ್ವಯಂಸೇವಕರ ನೆರವಿನಿಂದ ಅವನ್ನು ದಾಖಲಿಸುವ ಮತ್ತು ಸಂರಕ್ಷಿಸುವ ಕಾರ್ಯ ಕೈಗೊಳ್ಳಲಾಯಿತು.

ಇವನ್ನೂ ನೋಡಿ

* ಮೊದಲನೆಯ ಮಹಾಯುದ್ಧ
* ಕ್ವೇಕರ್ ಪಂಗಡ
* ಪರ್ವತ ಪ್ರಸಂಗ
* ಅಹಿಂಸೆ